ಎಂಟಕ್ಷರದ ಬಾಸ್

"ಸಿದ್ದಲಿನ್ ಅವ್ರ, ನನ್ನ ಬಾಸ್‌ಗಿರಿ ಹೋತ್ರಿ!"

ಹೋದ ವಾರ ಬೆಳಿಗ್ಗೆ ಮಂಡಕ್ಕಿ ಒಗ್ಗರಣೆ ತಟ್ಟೆಗೆ ಕೈ ಹಾಕಿ, ಮಿರ್ಚಿಯ ತುದಿ ಮುರಿಯುವಷ್ಟರಲ್ಲಿ ಬಂದ ಫೋನ್ ಇದು. ಆ ಕಡೆ ಕುರುಗೋಡಿನ ದೊಡ್ಡ ಬಾಸ್. ಅಳುತ್ತಿದ್ದರು. ಬಾಸ್‌ಗಳು ಅಳುತ್ತಾರಾ? ಅಳಿಸುವುದನ್ನು ಬೇಕಾದಷ್ಟು ನೋಡಿದ್ದೇನೆ, ಅಳುವುದನ್ನು ಕೇಳಿದ್ದು ಇದೇ ಮೊದಲು. ಸಮಾಧಾನ ಮಾಡುವಷ್ಟರಲ್ಲಿ ಮಿರ್ಚಿ ಆರಿಹೋಯಿತು.

ತಡೆಯಿರಿ. ಈ ಬಾಸ್ ಯಾರು, ಸಿದ್ದಲಿನ್ ಯಾರು ಅಂತ ಹೇಳದಿದ್ದರೆ ನೀವು ಇದನ್ನು ಕೆಮ್ಮಿನ ಔಷಧಿಯ ಜಾಹೀರಾತು ಅಂದುಕೊಂಡು ಪುಟ ತಿರುಗಿಸುತ್ತೀರಿ. ಸಿದ್ದಲಿನ್ ಅಂದರೆ ನಾನೇ. ಅಪ್ಪ ಅಮ್ಮ ಇಟ್ಟ ಹೆಸರು ಸಿದ್ದಲಿಂಗಪ್ಪ.

ನನ್ನ ಭಾಮೈದ ವೀರೇಶನದು ಬಳ್ಳಾರಿಯಲ್ಲಿ ನೀರೆತ್ತುವ ಮೋಟಾರುಗಳ ಹೋಲ್‌ಸೇಲ್ ಅಂಗಡಿ. ಕಂಪನಿಯಿಂದ ಇವನಿಗೆ, ಇವನಿಂದ ಕುರುಗೋಡು, ಸಿರುಗುಪ್ಪ ಕಡೆಯ ಸಣ್ಣ ಅಂಗಡಿಗಳಿಗೆ, ಅಲ್ಲಿಂದ ರೈತರ ಹೊಲಕ್ಕೆ. ಅವನ ಅಂಗಡಿಯಲ್ಲಿ ಓಬೀರಾಯನ ಕಾಲದ ಒಂದು ಕಂಪ್ಯೂಟರ್ ಇತ್ತು. ಕಪ್ಪು ಪರದೆ, ಹಸಿರು ಅಕ್ಷರ, ಬಿಲ್ ಹೊಡೆದರೆ ಇಡೀ ಬಜಾರಿಗೆ ಕೇಳುವ ಕರಕರ ಪ್ರಿಂಟರ್. ಅದರ ಸಾಫ್ಟ್‌ವೇರ್ ಬರೆದ ಪುಣ್ಯಾತ್ಮ ಯಾರು, ಈಗ ಎಲ್ಲಿದ್ದಾನೆ, ದೇವರಿಗೇ ಗೊತ್ತು. ಗಿರಾಕಿಯ ಹೆಸರಿಗೆ ಅವನು ಎಂಟೇ ಎಂಟು ಇಂಗ್ಲಿಷ್ ಅಕ್ಷರದ ಜಾಗ ಬಿಟ್ಟಿದ್ದ. ಒಂಬತ್ತನೆಯದು ಒತ್ತಿದರೆ ಯಂತ್ರ ಕೀ ಎಂದು ಕಿರುಚುತ್ತಿತ್ತು.

ನಮ್ಮ ಕಡೆಯ ಹೆಸರುಗಳು ಎಂಟರಲ್ಲಿ ಮುಗಿಯುತ್ತವಾ? ಮಲ್ಲಿಕಾರ್ಜುನ ಹೋಗಿ 'ಮಲ್ಲಿಕಾರ್' ಆದ. (ಕಾರಿಲ್ಲ. ಇವತ್ತಿಗೂ ಬಸ್ಸಿನಲ್ಲೇ ಬರುತ್ತಾನೆ.) ವಿರೂಪಾಕ್ಷಪ್ಪ 'ವಿರೂಪಾಕ್ಸ್' ಆದ. ಬಿಲ್ಲಿನಲ್ಲಿದ್ದದ್ದನ್ನು ಅಂಗಡಿಯವರು ಕೂಗಿದರು, ಅಂಗಡಿಯವರು ಕೂಗಿದ್ದನ್ನು ಹಮಾಲರು ಕೂಗಿದರು, ಅವರಿಂದ ಇಡೀ ಬಜಾರು ಕಲಿಯಿತು. ಮನೆಗೆ ಒಂದು ಮೋಟಾರ್ ಕೊಂಡ ತಪ್ಪಿಗೆ ನಾನು ಸಿದ್ದಲಿನ್ ಆದೆ. ಈಗ ಸಿಟ್ಟು ಬಂದಾಗ ನನ್ನ ಹೆಂಡತಿಯೂ ಹಾಗೇ ಕರೆಯುತ್ತಾಳೆ.

ಇನ್ನು ಕುರುಗೋಡು. ಅಲ್ಲಿನ ದೇವರು ದೊಡ್ಡಬಸವೇಶ್ವರ, ಹುಟ್ಟಿದ ಗಂಡುಮಕ್ಕಳಿಗೆಲ್ಲ ಅವನದೇ ಹೆಸರು. ಹಾಗಾಗಿ ಬಸ್‌ಸ್ಟ್ಯಾಂಡಿನಲ್ಲಿ ನಿಂತು "ದೊಡ್ಡಬಸಪ್ಪಾ" ಎಂದು ಕೂಗಿದರೆ ಅರ್ಧ ಬಸ್ ಕೆಳಗಿಳಿದು ಬರುತ್ತದೆ. ಮೋಟಾರ್ ಅಂಗಡಿ ಇಟ್ಟ ದೊಡ್ಡಬಸಪ್ಪಗಳೇ ಮೂವರು. ವೀರೇಶನ ಅಂಗಡಿಗೆ ಮೊದಲು ಬಂದವರ ಹೆಸರನ್ನು ಯಂತ್ರ ತನ್ನ ಅಳತೆಗೆ ಕತ್ತರಿಸಿತು. ಡಿ, ಓ, ಡಿ, ಡಿ, ಎ, ಬಿ, ಎ, ಎಸ್. ಬೇಕಾದರೆ ಎಣಿಸಿ. ಈಗ ಜೋರಾಗಿ ಓದಿ.

ದೊಡ್ಡ ಬಾಸ್!

ಎರಡನೆಯ ದೊಡ್ಡಬಸಪ್ಪ ಬಂದಾಗ, ಈ ಹೆಸರು ಆಗಲೇ ಇದೆ ಎಂದು ಯಂತ್ರ ತಕರಾರು ಮಾಡಿತು. ಕೊನೆಯ ಎಸ್ ತೆಗೆದು ಎರಡರ ಅಂಕಿ ಹಾಕಿದರು. ಅವರು 'ದೊಡ್ಡಬಾ ಟೂ'. ಮೂರನೆಯವರು 'ದೊಡ್ಡಬಾ ತ್ರೀ'. ತ್ರೀ ಪಾಪದವರು, ತಲೆ ಕೆಡಿಸಿಕೊಳ್ಳಲಿಲ್ಲ. ಟೂ ಅವರಿಗೆ ಮಾತ್ರ, ಒಂದು ಬಸ್ ಮೊದಲು ಹಿಡಿದಿದ್ದರೆ ನಾನೇ ಬಾಸ್ ಆಗುತ್ತಿದ್ದೆನಲ್ಲ ಎಂಬ ಹೊಟ್ಟೆಯುರಿ ಆರಲೇ ಇಲ್ಲ. ಊರೆಲ್ಲ ಬಾಸ್ ಬಾಸ್ ಎಂದರೂ ಅವರ ಬಾಯಲ್ಲಿ ಆ ಶಬ್ದ ಒಮ್ಮೆಯೂ ಬಂದಿರಲಿಲ್ಲ. "ಏ ಇವನ" ಅನ್ನುತ್ತಿದ್ದರು, ಅಷ್ಟೇ.

ಈಚೆಗೆ ಕಂಪನಿಯಿಂದ ಫರ್ಮಾನು ಬಂತು. ಹಳೇ ಡಬ್ಬಿ ಬಿಸಾಕಿ, ಕ್ಲೌಡಿಗೆ ಬನ್ನಿ. ಯಾವ ಅಂಗಡಿ ಎಷ್ಟು ಮೋಟಾರ್ ಕೊಂಡಿತು ಎಂಬುದು ನಮಗೆ ಕೂತಲ್ಲೇ ಕಾಣಬೇಕು. ಇಲ್ಲದಿದ್ದರೆ ನಿಮ್ಮ ಹೋಲ್‌ಸೇಲ್ ಬಂದ್.

ವೀರೇಶ ಪಂಚಾಂಗ ನೋಡಿಸಿ ಸೋಮವಾರಕ್ಕೆ ಮುಹೂರ್ತ ಇಟ್ಟ. ಹಳೆ ಕಂಪ್ಯೂಟರಿಗೆ ಕೊನೆಯ ಮಂಗಳಾರತಿ ಆಯಿತು. ಹೊಸದಕ್ಕೆ ಕಾಯಿ ಒಡೆಯಬೇಕಲ್ಲ, ಎಲ್ಲಿ ಒಡೆಯುವುದು? ಕ್ಲೌಡ್ ಯಾವ ದಿಕ್ಕಿಗಿದೆ? ಬಹಳ ಚರ್ಚೆಯಾಗಿ ಕೊನೆಗೆ ವೈಫೈ ಡಬ್ಬಿಯ ಮುಂದೆ ಒಡೆದರು. (ಕಾಯಿ ನೀರು ಸಿಡಿದು ಮಧ್ಯಾಹ್ನದವರೆಗೆ ನೆಟ್ ಇರಲಿಲ್ಲ.)

ಕಂಪನಿಯವರು ಕಳಿಸಿದ ಇಂಜಿನಿಯರ್ ಶ್ವೇತಾ, ಹೊಸಪೇಟೆಯವಳು, ಬಲು ಚುರುಕು. ಹೊಸ ಸಾಫ್ಟ್‌ವೇರಿನಲ್ಲಿ ಹೆಸರು ಎಷ್ಟುದ್ದ ಬೇಕಾದರೂ ಬರೆಯಬಹುದಂತೆ. ವೀರೇಶ ಪೂರ್ತಿ ಹೆಸರುಗಳನ್ನು ಹೇಳುತ್ತಾ ಹೋದ, ಅವಳು ಹೊಡೆಯುತ್ತಾ ಹೋದಳು. ಅಷ್ಟರಲ್ಲಿ ಪರದೆಯ ಮೇಲೆ ಒಂದು ಪ್ರಶ್ನೆ. ಕುರುಗೋಡು, ದೊಡ್ಡಬಸಪ್ಪ, ಮೋಟಾರ್ ವ್ಯಾಪಾರ. ಈ ಮೂರೂ ಒಬ್ಬರೇ ಇರಬಹುದು. ಕೂಡಿಸಲಾ?

"ಮರ್ಜ್ ಮಾಡ್ಲಾ ಸಾರ್?" ಎಂದಳು ಶ್ವೇತಾ. ವೀರೇಶ ಗಿರಾಕಿಯೊಬ್ಬನಿಗೆ ಪೈಪು ತೋರಿಸುತ್ತಿದ್ದ. ತಿರುಗದೆಯೇ "ಹೂಂ ಹೂಂ" ಎಂದ.

ಮೂವರು ದೊಡ್ಡಬಸಪ್ಪಗಳು ಒಬ್ಬರಾದರು. ಕೂಡಲೇ ಬಾಸ್ ಫೋನಿಗೆ ಮೆಸೇಜು: "ಪ್ರಿಯ ಗ್ರಾಹಕರೇ, ನೀವು ಡುಪ್ಲಿಕೇಟ್ ಎಂದು ಕಂಡುಬಂದಿದ್ದು, ನಿಮ್ಮನ್ನು ಯಶಸ್ವಿಯಾಗಿ ವಿಲೀನಗೊಳಿಸಲಾಗಿದೆ."

ನೀವೇ ಹೇಳಿ, ಇಷ್ಟು ವರ್ಷ ಬಾಸ್ ಆಗಿದ್ದ ಮನುಷ್ಯ ಬೆಳಿಗ್ಗೆ ಎದ್ದು ಇದನ್ನು ಓದಿದರೆ ಅಳದೆ ಏನು ಮಾಡಿಯಾನು?

ಎರಡು ದಿನ ಬಿಟ್ಟು ನಾನು ಕುರುಗೋಡಿಗೆ ಹೋದೆ. ಬಾಸ್ ಅಂಗಡಿಗೆ ಬೀಗ ಹಾಕಿ, ಮನೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದರು. ಅವರ ಹೆಂಡತಿ ರುದ್ರಮ್ಮ ಚಹಾ ತಂದಿಟ್ಟು, ನನ್ನನ್ನು ಪಡಸಾಲೆಯ ಆಚೆ ಕರೆದು ಪಿಸುಗುಟ್ಟಿದರು.

"ನಗಬ್ಯಾಡ್ರಿ ಮತ್ತ. ಮದಿವ್ಯಾದ ಹೊಸದಾಗ ಈ ಮನಷ್ಯಾ ಬಸ್ಸಿನ್ಯಾಗ ಕಂಡಕ್ಟರ್‌ಗೆ 'ಇಲ್ಲಿ ಇಳಿತೀನಿ' ಅನ್ನಾಕ ಹೆದರ್ತಿದ್ರು. ಅಂವ ನಿಲ್ಲಿಸಿದ ಕಡೆ ಇಳಿದು, ಬಿಸಲಾಗ ವಾಪಸ್ ನಡಕೊಂತ ಬರ್ತಿದ್ರು. ಬಾಸ್ ಅಂತ ಕರಿಯಾಕ ಸುರು ಮಾಡಿದ್ರು ನೋಡ್ರಿ, ಎದಿ ಬಂತು. ಮಂದಿ ಜಗಳ ಬಿಡಸಾಕ ಕರದ್ರು, ಹೋದ್ರು. ಕಂಪ್ನಿಯವರ ಜೋಡಿ ಮಾತಾಡಾಕ ಕರದ್ರು, ಹೋದ್ರು. ಈಗ ನೋಡ್ರಿ, ನಿನ್ನೆ ಬಳ್ಳಾರಿಂದ ಬರ್ತಾ ಊರು ದಾಟಿ ಕಂಪ್ಲಿಗೆ ಹೋಗಿ ಇಳಿದಾರ!"

ನಗು ಬಂದೇ ಬಂದಿತ್ತು. ಆಕೆಯ ಕಣ್ಣು ನೋಡಿ ನುಂಗಿಕೊಂಡೆ.

"ಮನ್ಯಾಗ ಬಾಸ್ ನಾನ ಅದೀನಿ, ಅದು ಇಬ್ರಿಗೂ ಗೊತ್ತೈತಿ. ಹೊರಗಾರ ಅವ್ರು ಇರ್ಲಿ ಬಿಡ್ರಿ. ಹೆಂಗಾರ ಮಾಡಿ ಆ ಹೆಸರು ವಾಪಸ್ ಕೊಡಸ್ರಿ. ಐತವಾರ ಸಿರುಗುಪ್ಪ ಮೀಟಿಂಗ್ ಐತಿ. ಹೋಗಂಗಿಲ್ಲ ಅಂತ ಕುಂತಾರ."

ಆ ಮೀಟಿಂಗಿನ ವಿಷಯ ನನಗೂ ಗೊತ್ತಿತ್ತು. ಈ ಸಲ ಬಂದ ಮೋಟಾರುಗಳು ನೀರು ಕಾಣುವ ಮೊದಲೇ ಹೊಗೆ ಕಾಣಿಸುತ್ತಿದ್ದವು. ಭತ್ತದ ಸಸಿಮಡಿ ಒಣಗುತ್ತಿದ್ದರೆ ರೈತ ಸುಮ್ಮನಿರುತ್ತಾನಾ? ಸುಟ್ಟ ಮೋಟಾರ್ ತಂದು ಅಂಗಡಿಯ ಮುಂದೆ ಕುಕ್ಕಿ ಬೈದು ಹೋಗುತ್ತಿದ್ದ. ಕಂಪನಿಯದು ಒಂದೇ ಉತ್ತರ: ನಿಮ್ಮ ಕರೆಂಟಿನ ವೋಲ್ಟೇಜ್ ಸರಿಯಿಲ್ಲ. ಆ ಕಂಪನಿಯ ಮ್ಯಾನೇಜರ್ ಭಾನುವಾರ ಸಿರುಗುಪ್ಪಕ್ಕೆ ಬರುವವರಿದ್ದರು. ಅವರ ಎದುರು ನಿಂತು ಮಾತಾಡುವ ಧೈರ್ಯ ಇಡೀ ಸೀಮೆಯ ವ್ಯಾಪಾರಿಗಳಲ್ಲಿ ಒಬ್ಬರಿಗೇ ಇತ್ತು. ಅವರು ಈಗ ಗೋಡೆಗೆ ಮುಖ ಮಾಡಿ ಮಲಗಿದ್ದರು.

ನಾನು ನೆಟ್ಟಗೆ ವೀರೇಶನ ಅಂಗಡಿಗೆ ಬಂದು ಶ್ವೇತಾಳ ಮುಂದೆ ಕೂತೆ. ಏನಮ್ಮಾ ಇದು, ಮೊದಲಿನಂತೆ ಮಾಡಿಬಿಡು.

"ಮರ್ಜ್‌ಗೆ ಒಂದೇ ಕ್ಲಿಕ್ ಸಾರ್. ಬಿಡಿಸಬೇಕಂದ್ರೆ ಟಿಕೆಟ್ ರೇಸ್ ಮಾಡ್ಬೇಕು, ಅಂದ್ರೆ ಕಂಪನಿಗೆ ಅರ್ಜಿ ಹಾಕ್ಬೇಕು. ಮೇಲಿಂದ ಅಪ್ರೂವಲ್ ಬರ್ಬೇಕು."

"ಮೇಲಿಂದ ಅಂದ್ರ ಎಲ್ಲಿಂದವ್ವಾ?" ಎಂದ ವೀರೇಶ, ಸೂರು ನೋಡುತ್ತಾ.

ಹೋಗಲಿ, ಹೆಸರಿನ ಹಿಂದೆ ಬಾಸ್ ಅಂತಾದರೂ ಸೇರಿಸು ಎಂದೆ. ಅವಳು ಹುಡುಕಿದಳು. "ಮಿಸ್ಟರ್ ಇದೆ, ಮಿಸೆಸ್ ಇದೆ, ಡಾಕ್ಟರ್ ಇದೆ, ಲೇಟ್ ಇದೆ. ಬಾಸ್ ಇಲ್ಲ. ಯಾವುದು ಹಾಕ್ಲಿ ಸಾರ್?"

ಲೇಟ್ ಒಂದು ಬೇಡ ತಾಯಿ ಎಂದು ಕೈಮುಗಿದೆ. ಎಂತಹ ಕಾಲ ಬಂತು ನೋಡಿ. ಜಾಗವಿಲ್ಲದ ಡಬ್ಬಿ ಒಬ್ಬನನ್ನು ಬಾಸ್ ಮಾಡಿತ್ತು. ಆಕಾಶದಷ್ಟು ಜಾಗವಿರುವ ಕ್ಲೌಡಿನಲ್ಲಿ ಅವನಿಗೆ ಜಾಗವಿಲ್ಲ!

ಭಾನುವಾರ ರುದ್ರಮ್ಮನೇ ಗಂಡನಿಗೆ ಇಸ್ತ್ರಿ ಅಂಗಿ ಹಾಕಿಸಿ, ಅಕ್ಷರಶಃ ದಬ್ಬಿ, ನನ್ನ ಜೊತೆ ಬಸ್ ಹತ್ತಿಸಿದರು. ಸಿರುಗುಪ್ಪದ ಕಲ್ಯಾಣ ಮಂಟಪ ತುಂಬಿತ್ತು. ಬಾಸ್ ಎಲ್ಲರಿಗಿಂತ ಹಿಂದೆ, ಕಂಬದ ಮರೆಗೆ ಹೋಗಿ ಕೂತರು. ಟೂ, ತ್ರೀ ಮುಂದಿನ ಸಾಲಿನಲ್ಲಿದ್ದರು. ಟೂ ಆವತ್ತು ಮೀಸೆ ತೀಡಿಕೊಂಡೇ ಬಂದಿದ್ದರು. ಇನ್ನು ಬಾಸೂ ಇಲ್ಲ ಟೂನೂ ಇಲ್ಲ, ಎಲ್ಲರೂ ಸಮ ಎಂದು ಬಸ್ಸಿನಲ್ಲೇ ಒಂದು ಸುತ್ತು ಭಾಷಣ ಮುಗಿಸಿದ್ದರು.

ಮ್ಯಾನೇಜರ್ ಬಂದರು. ಹೈದರಾಬಾದಿನವರು. ಕಣ್ಣಿಗೆ ಕಪ್ಪು ಕನ್ನಡಕ, ಕೈಯಲ್ಲಿ ಟ್ಯಾಬ್. ವಿರೂಪಾಕ್ಸ್ ಎದ್ದು "ಸಾರ್, ಮೋಟಾರ್..." ಎಂದ. "ವೋಲ್ಟೇಜ್" ಎಂದರು ಮ್ಯಾನೇಜರ್. ಕೂತ. ಮಲ್ಲಿಕಾರ್ ಎದ್ದ. ಬಾಯಿ ತೆರೆಯುವ ಮೊದಲೇ "ವೋಲ್ಟೇಜ್". ಅವನೂ ಕೂತ. ನಾನು ಬಾಸ್ ಪಕ್ಕೆಗೆ ತಿವಿದೆ.

"ಏನಂತ ಎದ್ದು ನಿಲ್ಲಲ್ರಿ? ಡುಪ್ಲಿಕೇಟ್ ಬಂದಾನ ಅಂತ ಹೇಳ್ಲೇನು?"

ಅಷ್ಟರಲ್ಲಿ ಟ್ಯಾಬ್ ಮೇಲೆ ಬೆರಳಾಡಿಸುತ್ತಿದ್ದ ಮ್ಯಾನೇಜರ್ ಥಟ್ಟನೆ ಕಪ್ಪು ಕನ್ನಡಕ ತೆಗೆದರು. ದನಿಯೇ ಬೇರೆಯಾಯಿತು. "ಕುರುಗೋಡು ದೊಡ್ಡಬಸಪ್ಪಗಾರು ಬಂದಿದ್ದಾರಾ? ಇಷ್ಟು ದೊಡ್ಡ ಡೀಲರ್ ಇಲ್ಲಿದ್ದಾರೆ ಅಂತ ನಮಗೆ ಯಾರೂ ಹೇಳಲೇ ಇಲ್ಲ!"

ಗೊತ್ತಾಯಿತಲ್ಲ? ಮೂವರ ವ್ಯಾಪಾರವೂ ಟ್ಯಾಬಿನಲ್ಲಿ ಒಂದೇ ಹೆಸರಿಗೆ ಕೂತಿತ್ತು. ಆ ಲೆಕ್ಕದಲ್ಲಿ ಕುರುಗೋಡಿನ ದೊಡ್ಡಬಸಪ್ಪ ಈ ಸೀಮೆಗೇ ದೊಡ್ಡ ಕುಳ. (ಸುಳ್ಳು ನಾವ್ಯಾರೂ ಹೇಳಲಿಲ್ಲ. ಕ್ಲೌಡ್ ಹೇಳಿತು.)

ಬಾಸ್ ಕಂಬಕ್ಕೆ ಇನ್ನಷ್ಟು ಅಂಟಿಕೊಂಡರು. ಮುಂದಿನ ಸಾಲಿನಲ್ಲಿ ಟೂ ಎದ್ದು ನಿಂತರು. ಮುಗೀತು, ಇಷ್ಟು ವರ್ಷದ ಹೊಟ್ಟೆಯುರಿಯನ್ನು ಈ ಮನುಷ್ಯ ಈಗ ತೀರಿಸಿಕೊಳ್ಳುತ್ತಾನೆ ಎಂದುಕೊಂಡೆ. ಟೂ ವೇದಿಕೆಯ ಕಡೆ ನೋಡಿದರು. ಮ್ಯಾನೇಜರ್ ಅವರನ್ನೇ ನೋಡಿದರು. ಮೀಸೆಯ ಮೇಲಿದ್ದ ಕೈ ಕೆಳಗಿಳಿಯಿತು. ತಿರುಗಿ ಸೀದಾ ನಮ್ಮ ಕಂಬದ ಹತ್ತಿರ ಬಂದರು.

"ಏಳ್ಲೇ, ಸಾಹೇಬ್ರು ಕರಿಯಾಕತ್ಯಾರ."

"ನೀನೂ ದೊಡ್ಡಬಸಪ್ಪನ ಅಲ್ಲೇನಪಾ? ನೀನ ಹೋಗು."

"ನಾ ಹೋಗಿ ಏನ್ ಮಾತಾಡ್ಲಿ? ಬಾಯಿ ಒಣಗೇತಿ ನಂದು." ಟೂ ಬಾಸ್ ರಟ್ಟೆ ಹಿಡಿದು ಎತ್ತಿದರು. "ಎದ್ದೇಳ್ ಬಾಸ್."

ಯಂತ್ರ ಕರೆದಿತ್ತು, ಹಮಾಲರು ಕರೆದಿದ್ದರು, ಬಜಾರು ಕರೆದಿತ್ತು. ಈ ಒಬ್ಬ ಮನುಷ್ಯ ಮಾತ್ರ ಯಾವತ್ತೂ ಕರೆದಿರಲಿಲ್ಲ. ನಾಚಿಕೆಯಿಲ್ಲದೆ ಹೇಳುತ್ತೇನೆ, ನನ್ನ ಕಣ್ಣು ತುಂಬಿ ಬಂತು. ಬಾಸ್ ಅಂಗಿ ಸರಿಮಾಡಿಕೊಂಡರು. ಹೊರಟರು.

"ಕೂರ್ಚೋಂಡಿ ಸಾರ್, ಕೂರ್ಚೋಂಡಿ" ಎಂದು ಮ್ಯಾನೇಜರ್ ಎದ್ದು ತಮ್ಮ ಕುರ್ಚಿಯನ್ನೇ ತೋರಿಸಿದರು.

"ಕುಂದ್ರಾಕ ಬಂದಿಲ್ರಿ. ಮೊದ್ಲು ಮೋಟಾರ್ ತಿರುಗಸ್ರಿ, ಆಮ್ಯಾಲ ಕುಂದ್ರೂಣು."

"ಸಾರ್, ವೋಲ್..."

"ವೋಲ್ಟೇಜ್ ಅಂದ್ರ ನೋಡ್ರಿ! ಅದ ಲೈನಿಗೆ ಬ್ಯಾರೆ ಕಂಪ್ನಿ ಮೋಟಾರ್ ತಣ್ಣಗ ನೀರು ಎತ್ತಾಕತ್ಯಾವ. ನಿಮ್ಮವಕ್ಕಷ್ಟ ಯಾಕ ಜ್ವರ ಬರ್ತಾವ?"

ಮಂಟಪ ಹಾರಿಹೋಗುವಂತೆ ಚಪ್ಪಾಳೆ ಬಿತ್ತು. ಸುಟ್ಟ ಮೋಟಾರುಗಳನ್ನೆಲ್ಲ, ಯಾರ ಅಂಗಡಿಯದೇ ಇರಲಿ, ಬದಲಿಸಿ ಕೊಡುತ್ತೇವೆ ಎಂದು ಎಲ್ಲರೆದುರು ಹೇಳಿದ ಮೇಲೆಯೇ ಮ್ಯಾನೇಜರಿಗೆ ಊಟಕ್ಕೆ ಬಿಡುಗಡೆ ಸಿಕ್ಕಿದ್ದು. ವಾಪಸ್ ಬರುವಾಗ ಕುರುಗೋಡು ಬರುವ ಮೊದಲೇ ಬಾಸ್ ಸೀಟಿನಿಂದ ಎದ್ದು, "ಏ ಕಂಡಕ್ಟರ್, ನಮ್ಮ ಮನಿ ಮುಂದ ನಿಲ್ಸಪಾ!" ಎಂದು ಕೂಗಿದರು. ಅಲ್ಲಿ ಸ್ಟಾಪೇ ಇಲ್ಲ. ಬಸ್ ನಿಂತಿತು.

ಮೊನ್ನೆ ಶ್ವೇತಾಳಿಗೆ ಮೇಲಿಂದ ಅಪ್ರೂವಲ್ ಬಂತು. ಮೂವರನ್ನೂ ಬಿಡಿಸಬಹುದಂತೆ. ವೀರೇಶ ಮೂವರನ್ನೂ ಅಂಗಡಿಗೆ ಕರೆಸಿ ಕೇಳಿದ. ಮೂವರೂ ಮುಖ ಮುಖ ನೋಡಿಕೊಂಡು, ಬಿಡಿಸೋದೇನೂ ಬ್ಯಾಡ, ಬಿಲ್ ಬ್ಯಾರೆ ಬ್ಯಾರೆ ಕೊಡ್ರಿ ಸಾಕು, ಹೆಸರು ಕೂಡೇ ಇರ್ಲಿ ಎಂದರು.

"ಹಾಗಾದ್ರೆ ಅಕೌಂಟಿಗೆ ಒಂದು ಹೊಸ ಹೆಸರು ಕೊಡಿ ಸಾರ್," ಎಂದಳು ಶ್ವೇತಾ. "ಈಗ ಲಿಮಿಟ್ ಇಲ್ಲ, ಎಷ್ಟುದ್ದ ಬೇಕಾದ್ರೂ ಬರೀಬಹುದು."

ಉತ್ತರ ಕೊಟ್ಟವರು ದೊಡ್ಡಬಾ ಟೂ.

"ಉದ್ದ ಯಾಕವ್ವಾ? ಎಂಟಕ್ಷರ ಸಾಕು."