ಚಿಪ್ಪಿನ ನಂಜಮ್ಮ

ಸೋಮವಾರ ಬೆಳಿಗ್ಗೆ ಚಾಮರಾಜಪೇಟೆಯ ನಮ್ಮ ರಸ್ತೆಯಲ್ಲಿ ನಂಜಮ್ಮ ನಡೆದು ಬಂದರೆ ಜನ ತಾವಾಗಿಯೇ ದಾರಿ ಬಿಡುತ್ತಿದ್ದರು. ಗೌರವಕ್ಕಲ್ಲ, ವಾಸನೆಗೆ. ಗಂಡ ತೀರಿಕೊಂಡ ಮೇಲೂ ಬಿಡದ ಕನಕಾಂಬರ ಮುಡಿಯಲ್ಲಿ, ಕೈಯಲ್ಲೊಂದು ಪ್ಲಾಸ್ಟಿಕ್ ಬಕೆಟ್. ಅದರ ತುಂಬ ಕರಾವಳಿ ಊಟದ ಹೋಟೆಲೊಂದರಲ್ಲಿ ಭಾನುವಾರದ ಗಿರಾಕಿಗಳು ತಿಂದು ಬಿಟ್ಟ ಕಪ್ಪೆಚಿಪ್ಪು. ಸ್ವತಃ ಮೊಟ್ಟೆಯನ್ನೂ ಮುಟ್ಟಿದವರಲ್ಲ ಅವರು.

ಗಾಂಧಿ ಬಜಾರಿನ ಫುಟ್‌ಪಾತಿನಲ್ಲಿ ಸೊಪ್ಪು ಮಾರುವುದು ಅವರ ಕಸುಬು. ಪಕ್ಕದಲ್ಲಿ ವೀಳ್ಯದೆಲೆ ಮಾರುತ್ತಿದ್ದ ಅಜ್ಜಿಯೊಬ್ಬರು ಚಿಪ್ಪು ಸುಟ್ಟು ಎಲೆಗೆ ಹಚ್ಚುವ ಸುಣ್ಣ ಮಾಡುವುದನ್ನು ಕಲಿಸಿಕೊಟ್ಟರಂತೆ. ಅಜ್ಜಿ ಹೋದರು, ಕೆಲಸ ನಂಜಮ್ಮನವರಲ್ಲಿ ಉಳಿಯಿತು. ನಮ್ಮ ವಠಾರದ ಹಿತ್ತಲಲ್ಲಿ ಚಿಪ್ಪನ್ನು ಮೂರು ನೀರಿನಲ್ಲಿ ತೊಳೆದು, ವಾರವಿಡೀ ಬಿಸಿಲಿಗೆ ಹರವುತ್ತಿದ್ದರು. ಆಮೇಲೆ ವಾಸನೆಯ ಸುಳಿವೂ ಇರುತ್ತಿರಲಿಲ್ಲ. ಒಂದು ಪಾಲನ್ನು ಒರಳಿನಲ್ಲಿ ಕುಟ್ಟಿ ಗಿಡಕ್ಕೆ, ಕೋಳಿ ಸಾಕಿದವರಿಗೆ ಹಂಚುತ್ತಿದ್ದರು. ಉಳಿದದ್ದನ್ನು ಹಳೇ ಡ್ರಮ್ಮಿನಲ್ಲಿ ಇದ್ದಿಲಿನ ಜೊತೆ ಪದರ ಪದರವಾಗಿ ಪೇರಿಸಿ ಸುಡುತ್ತಿದ್ದರು.

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನಾನು ಈ ಕ್ರಿಯೆಯ ಸಮೀಕರಣವನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೆನೋ. ಕಣ್ಣಾರೆ ನೋಡಿದ್ದು ಮಾತ್ರ ಆ ಹಿತ್ತಲಲ್ಲಿ. ಸುಟ್ಟ ಚಿಪ್ಪು ನೋಡಲು ಹಾಗೇ ಇರುತ್ತದೆ, ಗೆರೆಗಳು ಕೂಡ ಅಳಿಸಿರುವುದಿಲ್ಲ. ಕೈಗೆತ್ತಿಕೊಂಡರೆ ಹಗುರ. ಬಗ್ಗಿ ನೋಡಲು ಹೋದ ನನ್ನನ್ನು ಅವರು ತೋಳು ಹಿಡಿದು ಹಿಂದಕ್ಕೆಳೆದರು.

"ದೂರ ನಿಂತ್ಕೊಳ್ಳಿ ಟೀಚರಮ್ಮ. ಇದಕ್ಕೆ ಬೆಂಕಿ ಬೇಕಾಗಿಲ್ಲ, ನೀರು ಕಂಡ್ರೇನೇ ಸಿಟ್ಟು. ಕಣ್ಣಿಗೆ ಹಾರಿದ್ರೆ ಕಣ್ಣೇ ಹೋಗುತ್ತೆ."

ನೀರು ಚಿಮುಕಿಸಿದರು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಚಿಪ್ಪುಗಳು ಚಟಚಟ ಬಿರಿದು, ಹಬೆಯೆದ್ದು, ಕಣ್ಣೆದುರೇ ಹಿಟ್ಟಾಗಿ ಕುಸಿದವು. ಅಂದಿನಿಂದ ನನ್ನ ಪಾಠದ ವರಸೆಯೇ ಬದಲಾಯಿತು.

ವಠಾರದ ಮಾಲೀಕರಿಗೆ ಇದು ಸರಿಬರುತ್ತಿರಲಿಲ್ಲ. "ಇದೇನು ಮನೇನಾ, ಮೀನ್ ಮಾರ್ಕೆಟ್ಟಾ?" ಎಂದು ಒಂದು ದಿನ ಕೂಗಾಡಿದರು. ನಂಜಮ್ಮ ಮಾಲೀಕರ ಕುಂಡದಲ್ಲಿ ತಳ ಕೊಳೆತು ಉದುರುತ್ತಿದ್ದ ಟೊಮೇಟೊ ನೋಡುತ್ತ, "ಮುಂದಿನ ಸಸಿಗೆ ನಮ್ ಪುಡಿ ಹಾಕಿ ನೋಡಿ ಸ್ವಾಮಿ, ಆಮೇಲೆ ಬೈಯಿರಿ" ಎಂದರು. ಮುಂದಿನ ಬೆಳೆ ಗುಂಡಗೆ ಬಂತು. ಮಾಲೀಕರ ಕೂಗಾಟ ನಿಂತಿತು.

ಆ ಗೆಲುವೇ ನಂಜಮ್ಮನವರ ಕೈಯಲ್ಲಿ ತಪ್ಪು ಮಾಡಿಸಿತು. ನಮ್ಮ ಬಾಗಿಲ ಬಳಿ ಅಮ್ಮ ನೆಟ್ಟ ಕೇಪಳದ ಗಿಡವಿತ್ತು. ಅಮ್ಮ ಹೋಗಿ ಆರು ವರ್ಷವಾಗಿದ್ದರೂ ದೇವರಿಗೆ ನಾನು ಏರಿಸುತ್ತಿದ್ದದ್ದು ಅದರ ಕೆಂಪು ಗೊಂಚಲನ್ನೇ. ನಾನು ಊರಲ್ಲಿಲ್ಲದ ಒಂದು ತಿಂಗಳು ನಂಜಮ್ಮ ಪ್ರೀತಿಯಿಂದ ಅದರ ಬುಡಕ್ಕೆ ಪುಡಿಯ ಬದಲು ಸುಣ್ಣವನ್ನೇ ಸುರಿದಿದ್ದರು, ವಾರಕ್ಕೆ ನಾಲ್ಕು ನಾಲ್ಕು ಹಿಡಿ. ಬಂದು ನೋಡಿದರೆ ಎಲೆಯೆಲ್ಲ ಹಳದಿ, ನರ ಮಾತ್ರ ಹಸಿರು. ಮಣ್ಣು ತೆಗೆಸಿದೆ, ಗೊಬ್ಬರ ಬದಲಿಸಿದೆ. ಗಿಡ ಉಳಿಯಲಿಲ್ಲ.

"ಕೇಪಳಕ್ಕೆ ಹುಳಿ ಮಣ್ಣು ಬೇಕು ನಂಜಮ್ಮ. ಸುಣ್ಣ ಅದಕ್ಕೆ ವಿಷ. ಒಂದು ಮಾತು ಕೇಳಬಾರದಿತ್ತಾ?" ಎಂದೆ.

ಅವರ ಮುಖ ಇಳಿದುಹೋಯಿತು. "ಒಳ್ಳೇದು ಅಂದ್ರೆ ಎಲ್ಲಕ್ಕೂ ಒಳ್ಳೇದು ಅಂದ್ಕೊಂಡ್ಬಿಟ್ಟೆ. ಬೇರೆ ಗಿಡ ತಂದ್ಕೊಡ್ತೀನಿ ಅನ್ನೋಕೂ ಬಾಯಿ ಬರ್ತಿಲ್ಲ. ನಿಮ್ಮಮ್ಮ ನೆಟ್ಟಿದ್ದನ್ನ ಎಲ್ಲಿಂದ ತರ್ಲಿ?"

ನಾನು ಬಾಗಿಲು ಹಾಕಿಕೊಂಡೆ. ಎರಡು ವಾರ ಮಾತಾಡಿಸಲಿಲ್ಲ. ಆಮೇಲೆ ಎದುರುಮನೆಯವರಿಂದ ತಿಳಿಯಿತು: ನಂಜಮ್ಮ ಸೊಪ್ಪಿನ ವ್ಯಾಪಾರ ಬದಿಗಿಟ್ಟು, ಹಿಂದೆ ಪುಡಿ ಹಂಚಿದ್ದ ಮನೆಮನೆಗೂ ನಡೆದುಹೋಗಿ, "ನಿಮ್ಮಲ್ಲಿ ಕೇಪಳ ಇದ್ಯಾ? ಇದ್ರೆ ಇದನ್ನ ಹಾಕ್ಬೇಡಿ. ನಾನೊಂದು ಗಿಡ ಕೊಂದಿದೀನಿ" ಎಂದು ಹೇಳಿ ಬರುತ್ತಿದ್ದರಂತೆ. ಬಸವನಗುಡಿಯ ಕೊನೆಯವರೆಗೂ ಹೋಗಿದ್ದರು. ಕೇಳಿ ನನಗೆ ನಾಚಿಕೆಯಾಯಿತು. ಅಂದು ಸಂಜೆ ಕಾಫಿ ಲೋಟ ಹಿಡಿದು ಅವರ ಬಾಗಿಲಿಗೆ ಹೋದೆ.

ಕಾಫಿ ಕುಡಿಯುತ್ತ ಅವರು ತಟ್ಟನೆ ಕೇಳಿದರು. "ಟೀಚರಮ್ಮ, ಸಮುದ್ರ ಹೆಂಗಿರುತ್ತೆ?"

ಇಷ್ಟು ವರ್ಷ ಚಿಪ್ಪಿನಲ್ಲಿ ಕೈಯಾಡಿಸಿದವರು ಸಮುದ್ರವನ್ನೇ ಕಂಡಿರಲಿಲ್ಲ. ದಸರಾ ರಜೆಯಲ್ಲಿ ಹಗಲಿನ ರೈಲಿನಲ್ಲಿ ಮಂಗಳೂರಿಗೆ ಕರೆದುಕೊಂಡು ಹೋದೆ. ಘಟ್ಟದ ಸುರಂಗ ಬಂದಾಗಲೆಲ್ಲ ಮಗುವಿನಂತೆ ನನ್ನ ಕೈ ಹಿಡಿಯುತ್ತಿದ್ದರು. ಅದರ ಮರುವರ್ಷ ಯುಗಾದಿಗೆ ಮುಂಚೆ, ನಾಲ್ಕು ದಿನದ ಜ್ವರದಲ್ಲಿ, ಅವರು ತೀರಿಕೊಂಡರು. ನಾವಿಬ್ಬರೂ ಜೊತೆಯಾಗಿ ಹೋಗಿದ್ದು ಅದೊಂದೇ ಊರು.

ಮಂಗಳೂರು ತಲುಪಿದ ಮರುದಿನ ಬೆಳಿಗ್ಗೆ ಅವರು ಮರಳಿನ ಮೇಲೆ ನಿಂತರು. ಕಾಲಡಿ ಎಲ್ಲೆಲ್ಲೂ ಚಿಪ್ಪು. ಸೆರಗಿನಲ್ಲಿ ತುಂಬಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ಒಂದೇ ಒಂದು ಶಂಖದ ಚಿಪ್ಪನ್ನು ಎತ್ತಿಕೊಂಡರು. ಒಳಗಿನಿಂದ ಸಣ್ಣ ಕೆಂಪು ಕಾಲುಗಳು ಹೊರಬಂದವು. ಸತ್ತ ಹುಳುವಿನ ಖಾಲಿ ಚಿಪ್ಪು ಹುಡುಕಿಕೊಂಡು ವಾಸ ಮಾಡುವ ಏಡಿ ಅದು ಎಂದು ಹೇಳಿದೆ.

"ಅಯ್ಯೋ ಶಿವನೇ, ಬಾಡಿಗೆಗಿದ್ದಾರೆ!" ಎಂದು ನಕ್ಕು, ಕೂಡಲೇ ಒದ್ದೆ ಮರಳಿನ ಮೇಲೆ ಇಳಿಸಿದರು. ಉಳಿದ ಯಾವ ಚಿಪ್ಪನ್ನೂ ಮುಟ್ಟಲಿಲ್ಲ. "ಹೋಟ್ಲಲ್ಲಿ ಬಿಸಾಕಿದ್ದು ನಮಗೆ ಸಾಕು. ಇವು ಯಾರ್ಯಾರಿಗೆ ಬೇಕೋ."

ಬಿಸಿಲು ಏರುತ್ತಿತ್ತು. ಹೋಗೋಣವಾ ಎಂದು ಕೇಳಿದೆ. ಏಡಿ ಚಿಪ್ಪನ್ನು ಎಳೆದುಕೊಂಡು ನೀರಿನ ಕಡೆ ನಿಧಾನವಾಗಿ ಹೋಗುತ್ತಿತ್ತು. ನಂಜಮ್ಮ ಕಣ್ಣಿಗೆ ಕೈ ಅಡ್ಡ ಹಿಡಿದು ಅದನ್ನೇ ನೋಡುತ್ತಿದ್ದರು.

"ತಾಳಿ ಟೀಚರಮ್ಮ," ಎಂದರು, "ಅದು ನೀರು ಸೇರ್ಕೊಳ್ಲಿ."