ಅಳದ ಮಕ್ಕಳ ಆಯಾ

ನಮ್ಮ ದೊಡ್ಡಮ್ಮ ಒಂದು ಶಿಶುವಿಹಾರದಲ್ಲಿ ಹನ್ನೊಂದು ವರ್ಷ ಆಯಾ ಆಗಿದ್ದಳು. ಕೆಲಸಕ್ಕೆ ಹೋಗುವವರು ಬೆಳಿಗ್ಗೆ ಬಿಟ್ಟುಹೋದ ಮಕ್ಕಳ ಮೂಗು ಒರೆಸಿ, ಉಣ್ಣಿಸಿ, ಮಲಗಿಸಿ, ಸಂಜೆ ಒಪ್ಪಿಸುವುದು ಅವಳ ಕೆಲಸ. ಅಲ್ಲಿಯ ಯಜಮಾನಿಯದು ಒಂದು ನೇಮ: ಇಲ್ಲಿ ಮಗು ಅತ್ತಿತು ಎಂದು ಯಾರೂ ಬಾಯಿ ಬಿಡಕೂಡದು. ದಿನವಿಡೀ ರಂಪ ಮಾಡಿದ ಮಗುವಿನ ಮನೆಗೆ ಹೋಗುವ ಡೈರಿಯಲ್ಲೂ 'ನಗುನಗುತ್ತಾ ಆಡಿತು' ಎಂದೇ ಬರೆಯಬೇಕು. ಬರೆದು ಬರೆದು ದೊಡ್ಡಮ್ಮನಿಗೆ ಅದು ಸುಳ್ಳು ಅಂತಲೇ ಅನಿಸುತ್ತಿರಲಿಲ್ಲ. ಹೊಟ್ಟೆಪಾಡು ಎಂದು ಅವಳ ಪರ ವಕಾಲತ್ತು ಮಾಡಲು ನನಗೇನೂ ಮನಸ್ಸಿಲ್ಲ.

ಅಲ್ಲಿ ಒಂದೂವರೆ ವರ್ಷದ ಗುಂಡ ಒಬ್ಬನಿದ್ದ. ಕೈಯಿಂದ ಚಮಚ ಕಿತ್ತುಕೊಂಡರೆ ಸಾಕು, ಎರಡು ಸಲ ಕಿರುಚಿ, ಬಾಯಿ ತೆರೆದಂತೆಯೇ ಸದ್ದು ನಿಲ್ಲಿಸುತ್ತಿದ್ದ. ತುಟಿ ನೀಲಿಯಾಗಿ, ಮೈ ಒದ್ದೆ ಬಟ್ಟೆಯ ಹಾಗೆ ಜೋತುಬೀಳುತ್ತಿತ್ತು. ನಿಮಿಷದೊಳಗೆ ಎದ್ದು ಮತ್ತೆ ಚಮಚ ಹುಡುಕುತ್ತಿದ್ದ. ಮೂರನೆಯ ಸಲ ಕೈಕಾಲೂ ಅದುರಿದಾಗ ಯಜಮಾನಿ ಹೆದರಿ ತಾಯಿಯನ್ನು ಕರೆಸಿದಳು. ಡೈರಿ ನಂಬಿದ ತಾಯಿ ಡಾಕ್ಟರಿಗೆ, ಮಗು ಆಡ್ತಾ ಆಡ್ತಾ ಸುಮ್ಮನೆ ಬಿತ್ತು ಎಂದಳು. ಹಾಗೆ ಬಿದ್ದಿದ್ದರೆ ಫಿಟ್ಸ್ ಇರಬಹುದು, ವರ್ಷಗಟ್ಟಲೆ ಔಷಧಿ ಕುಡಿಸಬೇಕಾದೀತು.

ಡಾಕ್ಟರಮ್ಮ ಅವಸರ ಮಾಡಲಿಲ್ಲ. "ಕಣ್ಣಾರೆ ಕಂಡವರನ್ನ ಕರ್ಕೊಂಡು ಬನ್ನಿ" ಎಂದರು.

ದೊಡ್ಡಮ್ಮ ಹೋದಳು. ಯಜಮಾನಿಯೂ ಬೆನ್ನಿಗಿದ್ದಳು. "ಅತ್ತ ಅಂತ ಮಾತ್ರ ಹೇಳ್ಬೇಡ" ಎಂದು ದಾರಿಯುದ್ದಕ್ಕೂ ಕಿವಿ ಕಚ್ಚಿದ್ದಳು.

"ಬೀಳೋಕೆ ಮುಂಚೆ ಅತ್ತನಾ? ನೀಲಿ ಆಗಿದ್ದು ಮೊದಲೋ, ಅದುರಿದ್ದು ಮೊದಲೋ?" ಡಾಕ್ಟರಮ್ಮ ಕೇಳಿದರು.

ದೊಡ್ಡಮ್ಮ ತಾಯಿಯ ತೊಡೆಯ ಮೇಲಿದ್ದ ಮಗುವನ್ನು ನೋಡಿದಳು. "ಅತ್ತ, ಮೇಡಂ. ಮೂರು ಸಲಾನೂ ಅತ್ತ. ಆಮೇಲೆ ಉಸಿರು ನಿಂತು ನೀಲಿ ಆದ. ಅದುರಿದ್ದು ಕೊನೇಲಿ. ಡೈರಿ ಬರೆದಿದ್ದು ನಾನೇ, ಅದು ಸುಳ್ಳು."

ಡಾಕ್ಟರಮ್ಮ ಎದೆ ಪರೀಕ್ಷಿಸಿ, ಇಸಿಜಿ ತೆಗೆಸಿ, ರಕ್ತ ನೋಡಿದರು. ಕಬ್ಬಿಣದ ಅಂಶ ಕಡಿಮೆ ಇತ್ತು. "ಫಿಟ್ಸ್ ಅಲ್ಲ. ಅತ್ತಾಗ ಉಸಿರು ಕಟ್ಟುತ್ತೆ ಅಷ್ಟೇ. ಕಬ್ಬಿಣದ ಸಿರಪ್ ಕೊಡಿ, ಬೆಳೀತಾ ತಾನಾಗೇ ಹೋಗುತ್ತೆ" ಎಂದರು.

ತಾಯಿಗೆ ಕೇಳಿಸಿದ್ದು ಒಂದೇ, ಮಗನನ್ನು ಅಳಿಸಿದ್ದಾರೆ ಎಂದು. "ಈ ಆಯಾ ಇದ್ರೆ ನಾನು ಮಗೂನ ಬಿಡಲ್ಲ" ಎಂದಳು. ಯಜಮಾನಿಗೂ ಅದೇ ಬೇಕಿತ್ತು. ಮರುದಿನ ದೊಡ್ಡಮ್ಮನ ಕೆಲಸ ಹೋಯಿತು, ಮಗು ಅಲ್ಲೇ ಉಳಿಯಿತು. ಆ ಸಿಟ್ಟು ನನಗೆ ಈಗಲೂ ಇಳಿದಿಲ್ಲ.

ನಾಲ್ಕು ತಿಂಗಳ ಮೇಲೆ ಆ ತಾಯಿ ನಮ್ಮ ಮನೆ ಹುಡುಕಿಕೊಂಡು ಬಂದಳು. ಮಗು ಮತ್ತೆ ಬಿದ್ದಿತ್ತಂತೆ, ಈ ಸಲ ಹೆಚ್ಚು ಹೊತ್ತು. "ಹೊಸ ಆಯಾನ ಕೇಳಿದ್ರೆ ಅಳಲೇ ಇಲ್ಲ ಅಂತಾಳೆ. ಡಾಕ್ಟರು ಮತ್ತೆ ಫಿಟ್ಸ್ ಪರೀಕ್ಷೆ ಅಂತಿದಾರೆ. ನೀವು ಒಂದು ಸಲ ಬಂದು ಹೇಳಿ, ಅಮ್ಮ."

ದೊಡ್ಡಮ್ಮ ಅವಳಿಗೆ ಕುರ್ಚಿ ಎಳೆದುಕೊಟ್ಟಳು. ಚೆನ್ನಾಗಿ ಬೈಯಲಿ ಎಂದು ನಾನು ಕಾದೆ. ಬೈಯಲಿಲ್ಲ.

"ಏನಂತ ಹೇಳಲಮ್ಮ? ನಾನು ಅಲ್ಲಿ ಇರ್ಲಿಲ್ವಲ್ಲ."