ಟವಲ್ ಕೆಳಗಿನ ಪ್ರಬಂಧ

ನಾನು ಮೊದಲಿನಿಂದ ಕೊನೆಯವರೆಗೆ ಓದಿದ ಪ್ರಬಂಧ ಇಲ್ಲಿಯವರೆಗೆ ಒಂದೇ ಒಂದು. ಅದನ್ನೂ ಓದಿದ್ದು ಅದರಲ್ಲಿ ನನ್ನ ಹೆಸರಿದೆ ಎಂಬ ಕಾರಣಕ್ಕೆ. ಹನ್ನೊಂದನೆಯ ಪುಟದ ತಳದಲ್ಲಿ, ಸಣ್ಣ ಅಕ್ಷರದಲ್ಲಿ, 'ತಿಪ್ಪಣ್ಣ, ಕುರಿ ದಲಾಲರು, ಕೂಡ್ಲಿಗಿ' ಎಂದಿದೆ. ಆ ಜಾಗಕ್ಕೆ ಅಡಿಟಿಪ್ಪಣಿ ಅನ್ನುತ್ತಾರಂತೆ. ಮೂವತ್ತು ವರ್ಷ ಸಂತೆಯಲ್ಲಿ ನಿಂತವನಿಗೆ ಪುಟದ ತಳದಲ್ಲಾದರೂ ಒಂದು ಜಾಗ ಸಿಕ್ಕಿತಲ್ಲ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದರೆ ನಾನು ಆ ಪುಟದ ಮೇಲಿನ ಭಾಗವನ್ನೂ ಓದಿಬಿಟ್ಟೆ.

ನಾನು ಕಲಿತದ್ದು ಏಳನೇ ಕ್ಲಾಸು. ಆಮೇಲೆ ಬೇರೆಯವರ ಕುರಿ ಕಾಯ್ದೆ, ಅದಾದ ಮೇಲೆ ಬೇರೆಯವರ ಕುರಿ ಮಾರಿಸಿದೆ. ಹಿತ್ತಿಲಲ್ಲಿ ಸ್ವಂತದ್ದೆಂದು ಒಂದು ಮರಿಯನ್ನೂ ಕಟ್ಟದೆ ಕುರಿಯಿಂದಲೇ ಮನೆ ಕಟ್ಟಿದವನು. ಹೀಗೆ ತನ್ನಷ್ಟಕ್ಕೆ ತಾನೇ ಮೇಲೆ ಬಂದವರಿಗೆ ಒಂದು ರೋಗ ಅಂಟಿಕೊಳ್ಳುತ್ತದೆ, ಸಲಹೆ ಕೊಡುವ ರೋಗ. ಬೋರ್‌ವೆಲ್ಲು ಎಲ್ಲಿ ಕೊರೆಸಬೇಕು, ಹರಪನಹಳ್ಳಿ ಬಸ್ಸಿನಲ್ಲಿ ಯಾವ ಬದಿಗೆ ಕೂತರೆ ಬಿಸಿಲು ಹೊಡೆಯುವುದಿಲ್ಲ, ಕೊಟ್ಟೂರಿನಲ್ಲಿ ಮಂಡಕ್ಕಿ ಮಿರ್ಚಿಗೆ ಎಷ್ಟು ಹೊತ್ತಿಗೆ ಹೋಗಬೇಕು, ಎಲ್ಲಕ್ಕೂ ನನ್ನ ಬಳಿ ಸಲಹೆ ಇದೆ. ಕೇಳಿದವರಿಗೆ ಒಂದು ಸಲ ಹೇಳುತ್ತೇನೆ. ಕೇಳದವರಿಗೆ ಎರಡು ಸಲ.

ನನ್ನ ಕಸುಬಿನ ಮುಖ್ಯ ಸಲಕರಣೆ ಒಂದು ಟವಲ್ಲು. ನೀವು ಕುರಿ ಸಂತೆ ನೋಡಿಲ್ಲವಾದರೆ ಹೇಳುತ್ತೇನೆ, ಕೇಳಿ. ಮಾರುವವನ ಕೈಯನ್ನು ದಲಾಲ ಹಿಡಿಯುತ್ತಾನೆ. ಎರಡು ಕೈಗಳ ಮೇಲೂ ಟವಲ್ಲು ಬೀಳುತ್ತದೆ. ಒಳಗೆ ಬೆರಳುಗಳು ಮಾತಾಡುತ್ತವೆ. ಎಷ್ಟು ಬೆರಳು ಹಿಡಿದೆ, ಯಾವ ಗೆಣ್ಣಿನವರೆಗೆ ಹಿಡಿದೆ, ಎಷ್ಟು ಸಲ ಅದುಮಿದೆ ಎಂಬುದೇ ದರ. ಬಾಯಿ ಮಾತ್ರ ಮಳೆ, ಬೆಳೆ, ಬೀಗರ ಆರೋಗ್ಯ ವಿಚಾರಿಸುತ್ತಿರುತ್ತದೆ. ಮಾರುವವನ ಕೈ ಬಿಟ್ಟು, ನಾಲ್ಕು ಹೆಜ್ಜೆ ನಡೆದು, ಕೊಳ್ಳುವವನ ಕೈ ಹಿಡಿಯುವುದು. ಅಲ್ಲೂ ಅದೇ ಟವಲ್ಲು, ಅದೇ ಬೀಗರು. ನೂರು ಜನರ ನಡುವೆ ನಿಂತು ನೂರು ಜನರಿಗೆ ಗೊತ್ತಾಗದಂತೆ ವ್ಯಾಪಾರ ಮುಗಿಸಬಲ್ಲ ವಿದ್ಯೆ ಇದು. ಕಾಲೇಜಿನಲ್ಲಿ ಕಲಿಸುವುದಿಲ್ಲ.

ಕಾಲೇಜಿನಲ್ಲಿ ಏನು ಕಲಿಸುತ್ತಾರೆ ಎಂಬುದು ನನಗೆ ತಿಳಿದದ್ದು ಪವಿತ್ರಾಳಿಂದ. ಹಂಪಸಾಗರಕ್ಕೆ ಕೊಟ್ಟಿರುವ ನನ್ನ ತಂಗಿಯ ಮಗಳು. ಡಿಗ್ರಿ ಕೊನೆಯ ವರ್ಷ. ಒಂದು ದಿನ ಮಧ್ಯಾಹ್ನ ಬಂದವಳು ನೀರು ಕೂಡ ಕುಡಿಯದೆ ಚೀಲ ಬಿಚ್ಚಿದಳು. ಒಳಗಿನಿಂದ ಹನ್ನೆರಡು ಪುಸ್ತಕ, ವರದಿ, ಪೇಪರ್ ತುಂಡುಗಳು ಬಂದವು. ಕೊನೆಗೆ ಅವಳು ಬರೆದ ಪ್ರಬಂಧ ಬಂತು. ಹೆಸರು 'ಮೊಬೈಲ್ ಮತ್ತು ಕುರಿ ಸಂತೆ'. ಮೊದಲ ಪುಟದಲ್ಲೇ ಅವಳ ಮೇಡಂ ಕೆಂಪು ಶಾಯಿಯಲ್ಲಿ ಬರೆದಿದ್ದರು: 'ಇದರಲ್ಲಿ ನಿನ್ನ ಮಾತು ಯಾವುದು?'

ಮೇಡಂ ಸಹಿ ಹಾಕದೆ ಪ್ರಬಂಧ ಒಳಗೆ ಹೋಗುವುದಿಲ್ಲ, ಪ್ರಬಂಧ ಒಳಗೆ ಹೋಗದೆ ಅವಳು ಪಾಸಾಗುವುದಿಲ್ಲ, ಪಾಸಾಗದೆ ಬಿ.ಎಡ್. ಇಲ್ಲ. ಒಂದು ವರ್ಷ ಹೋಗುತ್ತದೆ. ಮುಂದಿನ ವರ್ಷ ಓದಿಸಲು ಅವರಪ್ಪ ಒಪ್ಪುತ್ತಾರೋ ಇಲ್ಲವೋ ಎಂಬುದನ್ನು ಅವಳು ಹೇಳಲಿಲ್ಲ. ನನ್ನ ತಂಗಿಯ ಗಂಡನನ್ನು ನಾನು ಬಲ್ಲೆ.

ನಾನು ಕನ್ನಡಕ ಹಾಕಿಕೊಂಡು ಓದಿದೆ. ಮೊದಲನೆಯ ಪುಸ್ತಕ ಹೀಗೆ ಹೇಳುತ್ತದೆ. ಎರಡನೆಯ ವರದಿ ಹೀಗೆ ಹೇಳುತ್ತದೆ. ಮೂರನೆಯವರ ಅಭಿಪ್ರಾಯ ಹೀಗಿದೆ. ಹೈವೇ ದಾಟುವ ಹಿಂಡಿನಂತೆ ಒಂದರ ಹಿಂದೆ ಒಂದು ತಲೆ ತಗ್ಗಿಸಿಕೊಂಡು ಹೋಗುತ್ತಿದ್ದವು, ಹಿಂದೆ ಕುರುಬನೇ ಇರಲಿಲ್ಲ. ಒಂದು ಪುಸ್ತಕದವರು, ಮೊಬೈಲು ಬಂದು ಕುರಿಗಾರನಿಗೆ ಸಂತೆಯ ದರ ಹಟ್ಟಿಯಲ್ಲೇ ತಿಳಿಯುತ್ತಿದೆ, ಆತನಿಗೆ ಬಲ ಬಂದಿದೆ ಅಂದಿದ್ದರು. ಒಂದು ವರದಿಯವರು, ಮೊಬೈಲು ಬಂದರೂ ಸಂತೆಯಲ್ಲಿ ದಲಾಲರು ಕಮ್ಮಿಯಾಗಿಲ್ಲ ಅಂದಿದ್ದರು. ಇಬ್ಬರೂ ಎದುರುಬದುರು ನಿಂತಿದ್ದರು. ನನಗೆ ಅಷ್ಟು ಸಾಕಿತ್ತು. ಎದುರುಬದುರು ನಿಂತವರನ್ನು ಕಂಡರೆ ನನ್ನ ಕೈ ತಾನಾಗಿಯೇ ಟವಲ್ಲಿಗೆ ಹೋಗುತ್ತದೆ.

ಇಲ್ಲಿ ನಾನು ಮಾಡಿದ ತಪ್ಪನ್ನು ಬೇರೆ ಕಸುಬಿನವರು ಮಾಡಲಾರರು. ಮುಂಬಾಗಿಲ ಕಟ್ಟೆಯ ಮೇಲೆ ಹನ್ನೆರಡೂ ಪುಸ್ತಕಗಳನ್ನು ಎರಡು ಸಾಲಾಗಿ ಜೋಡಿಸಿ ವ್ಯಾಪಾರಕ್ಕೆ ಕೂತೆ. ಈ ಸಾಲಿನವರನ್ನು ಸ್ವಲ್ಪ ಇಳಿಸಿದೆ, ಆ ಸಾಲಿನವರನ್ನು ಸ್ವಲ್ಪ ಏರಿಸಿದೆ. ಸಂಜೆಯೊಳಗೆ ಎಲ್ಲರನ್ನೂ ನಡುವಿಗೆ ತಂದು ಕುದುರಿಸಿಬಿಟ್ಟೆ. ಪವಿತ್ರಾ ಬರೆದುಕೊಂಡಳು: 'ಒಟ್ಟಿನಲ್ಲಿ ಮೊಬೈಲಿನಿಂದ ಕುರಿ ಸಂತೆಗೆ ಒಳ್ಳೆಯದೂ ಆಗಿದೆ, ಕೆಟ್ಟದ್ದೂ ಆಗಿದೆ.' ಹನ್ನೆರಡು ಜನ ವಿದ್ವಾಂಸರನ್ನು ಒಂದೇ ಸಾಲಿಗೆ ಒಪ್ಪಿಸಿದವನು ನಮ್ಮ ತಾಲೂಕಿನಲ್ಲಿ ನಾನೇ ಮೊದಲಿಗನಿರಬೇಕು ಎಂದುಕೊಂಡು ಅವತ್ತು ಒಂದು ರೊಟ್ಟಿ ಹೆಚ್ಚಿಗೆ ಉಂಡೆ.

ಎರಡು ದಿನಕ್ಕೆ ಪ್ರಬಂಧ ಮತ್ತೆ ವಾಪಸ್ ಬಂತು. ಕೆಂಪು ಅಕ್ಷರ ಈ ಸಲ ಇನ್ನೂ ಚಿಕ್ಕದಾಗಿತ್ತು: 'ಈ ಮಾತನ್ನು ಯಾರು ಅಲ್ಲಗಳೆಯುತ್ತಾರೆ?'

ಯಾರೂ ಅಲ್ಲಗಳೆಯುವುದಿಲ್ಲ ಎಂಬುದೇ ಅದರ ಗುಣ ಎಂದು ವಿವರಿಸಲು ಪವಿತ್ರಾಳನ್ನು ಕರೆದುಕೊಂಡು ನಾನೇ ಕಾಲೇಜಿಗೆ ಹೋದೆ. ಜೊತೆಗೆ ಗಡುವನ್ನೂ ಸ್ವಲ್ಪ ಜಗ್ಗಿಸಿಕೊಂಡು ಬರುವ ಯೋಚನೆಯಿತ್ತು. ಮೇಡಂ ಸಣ್ಣ ಆಳು, ಮೆಲುದನಿ. ಎರಡು ವಾರ ಕೊಡಿ ಅಂದೆ. ಸೋಮವಾರ ಅಂದರು. ಹೋಗಲಿ, ಹತ್ತು ದಿನ ಅಂದೆ. ಸೋಮವಾರ ಅಂದರು. ನಿಮ್ಮದೂ ಬೇಡ ನಮ್ಮದೂ ಬೇಡ, ಗುರುವಾರ ಮಾಡಿಕೊಳ್ಳಿ ಅಂದೆ. ಅವರು ನನಗೆ ಚಹಾ ತರಿಸಿಕೊಟ್ಟು, ಸೋಮವಾರ ಅಂದರು. ಮೂವತ್ತು ವರ್ಷದಲ್ಲಿ ಹೇಳಿದ ದರದಿಂದ ಕೂದಲೆಳೆಯಷ್ಟೂ ಜರುಗದವರನ್ನು ನಾನು ಕಂಡದ್ದು ಅದೇ ಮೊದಲು. ಚಹಾ ಚೆನ್ನಾಗಿತ್ತು.

ಎದ್ದು ಹೊರಟಾಗ ಅವರು ಹೇಳಿದರು, "ನೋಡ್ರಿ ತಿಪ್ಪಣ್ಣಾರ, ಇಬ್ಬರೂ ಒಪ್ಪಿದರೆ ನಿಮ್ಮ ಕೆಲಸ ಮುಗೀತು. ಇಬ್ಬರೂ ಯಾಕ ಒಪ್ಪಂಗಿಲ್ಲ ಅಂತ ಕೇಳಿದಾಗ ಈಕಿ ಕೆಲಸ ಶುರು ಆಗ್ತೈತಿ."

ಬಸ್ಸಿನಲ್ಲಿ ಬಿಸಿಲು ಬೀಳದ ಬದಿಗೆ ಕೂತು ಇದನ್ನೇ ಯೋಚಿಸಿದೆ. ಯಾರೂ ತಕರಾರು ತೆಗೆಯದ ಮಾತು ಯಾರೂ ವಯಸ್ಸು ತಿಳಿಯಲು ಹಲ್ಲು ಹಿಡಿದು ನೋಡದ ಕುರಿಯಂತೆ. ನೋಡುವವರಿಗೆ ಅದು ಬೇಕಾಗಿಲ್ಲ ಎಂದೇ ಅರ್ಥ. ಇಷ್ಟು ಸಾದಾ ವಿಷಯ ನನಗೆ ಸಂತೆಯಲ್ಲಿ ಗೊತ್ತಿತ್ತು, ಕಟ್ಟೆಯ ಮೇಲೆ ಮರೆತುಹೋಗಿತ್ತು. ಪವಿತ್ರಾ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ನಾನು ಸಲಹೆ ಕೊಡಲಿಲ್ಲ. ಅವಳು ತಿರುಗಿ, "ಮಾವಾ, ಮೈಯಾಗ ಹುಷಾರೈತಿಲ್ಲ?" ಎಂದು ಕೇಳಿದಳು.

ಆ ವಾರದ ಸಂತೆಗೆ ಅವಳೂ ಬಂದಳು. ಪುಸ್ತಕ ತರಲಿಲ್ಲ, ಒಂದು ನೋಟ್‌ಬುಕ್ಕು ಅಷ್ಟೇ. ಬೇವಿನ ಮರದ ಕೆಳಗೆ ಕೂತು ಬೆಳಗಿನಿಂದ ನನ್ನನ್ನೇ ನೋಡಿದಳು. ಕಸುಬು ಮಾಡುವಾಗ ಮನೆಯವರು ನೋಡುತ್ತಿದ್ದರೆ ಬೆರಳುಗಳು ಸ್ವಲ್ಪ ಬಿಗಿಯುತ್ತವೆ.

ಬೋರಯ್ಯ ಒಂಬತ್ತು ಟಗರು ಹೊಡೆದುಕೊಂಡು ಬಂದಿದ್ದ. ನೀಲಗುಂದದ ಕಡೆಯವನು, ನನ್ನ ಹಳೆಯ ಗಿರಾಕಿ. ಪವಿತ್ರಾ ಅವನನ್ನು ಮಾತಿಗೆ ಎಳೆದಳು. ಅವನ ಫೋನಿನಲ್ಲಿ ಕುರಿಗಾರರದೇ ಒಂದು ಗುಂಪಿದೆ. ಹಡಗಲಿ ಕಡೆ ನಿನ್ನೆ ಏನು ದರ, ಕೊಟ್ಟೂರಿನ ಕಡೆ ಮೊನ್ನೆ ಏನು ದರ, ಎಲ್ಲ ಅವನಿಗೆ ಗೊತ್ತು. ಅವಳಿಗೆ ಒತ್ತಿ ಒತ್ತಿ ತೋರಿಸಿದ. ಆಮೇಲೆ ಆ ಫೋನನ್ನು ಅಂಗಿಯ ಒಳಜೇಬಿಗೆ ಹಾಕಿ, ನನ್ನ ಬಳಿ ಬಂದು ಕೈ ಚಾಚಿದ. ನಾನು ಟವಲ್ಲು ಹಾಕಿದೆ. ಬೀಗರ ಆರೋಗ್ಯ ಕೇಳಿದೆ. ಅವನ ಫೋನು ಹೇಳಿದ ದರ ಒಂದು, ಅವನ ಬೆರಳು ಒಪ್ಪಿದ ದರ ಇನ್ನೊಂದು. ಆಮೇಲೆ ನಾಲ್ಕು ಹೆಜ್ಜೆ ನಡೆದು ಕೊಳ್ಳುವವನ ಕೈ ಹಿಡಿದೆ. ಅಲ್ಲಿಯ ದರ ಮೂರನೆಯದು. ಎರಡು ಕೈಗಳ ನಡುವೆ ಉಳಿದದ್ದು ನನ್ನ ಸಂಪಾದನೆ.

ಸಂತೆ ಚೆದುರಿದ ಮೇಲೆ ಪವಿತ್ರಾ ಕೇಳಿದಳು, "ಮಾವಾ, ದರ ಎಲ್ಲಾರ್ಗೂ ಗೊತ್ತೈತಿ. ಮತ್ತ ಟವಲ್ ಯಾಕ?"

"ಪದ್ಧತಿ," ಅಂದೆ.

ಅವಳು ಅದನ್ನು ಬರೆದುಕೊಂಡು, ನನ್ನ ಕಣ್ಣೆದುರೇ ಹೊಡೆದುಹಾಕಿದಳು.

ಮರುದಿನ ಸಂಜೆ ಕಾಲೇಜಿನಿಂದ ಬಂದು ಅವಳು ನನಗೆ ವಿವರಿಸಿದಳು, ಮೆಲುದನಿಯಲ್ಲಿ, ಅವಳ ಮೇಡಂ ಹಾಗೆಯೇ. ಮೊದಲನೆಯ ಪುಸ್ತಕ ಸುಳ್ಳು ಹೇಳಿಲ್ಲ, ಬೋರಯ್ಯನಿಗೆ ದರ ತಿಳಿದಿದೆ. ವರದಿಯೂ ಸುಳ್ಳಲ್ಲ, ದಲಾಲರು ಇದ್ದೇ ಇದ್ದಾರೆ. ಎರಡೂ ನಿಜವಾದರೆ ನಡುವೆ ಏನೋ ಒಂದು ಇರಬೇಕು. ಅದು ಯಾವ ಪುಸ್ತಕದಲ್ಲೂ ಇಲ್ಲ, ಟವಲ್ಲಿನ ಕೆಳಗಿದೆ. ದರ ತಿಳಿಯುವುದು ಒಂದು, ಅದನ್ನು ನಾಲ್ಕು ಜನರೆದುರು ಬಾಯಿಬಿಟ್ಟು ಹೇಳುವುದು ಇನ್ನೊಂದು. ಮೊಬೈಲು ಮೊದಲನೆಯದನ್ನು ಕುರಿಗಾರನಿಗೆ ಕೊಟ್ಟಿದೆ. ಎರಡನೆಯದನ್ನು ಕೊಡಲು ಅದರಿಂದ ಆಗಿಲ್ಲ. ಇದು ನನ್ನ ಮಾತು ಅಂದಳು. ಉಳಿದ ಹತ್ತು ಪುಸ್ತಕಗಳಲ್ಲಿ ಯಾವುದು ಇದಕ್ಕೆ ಸಾಕ್ಷಿ ಹೇಳುತ್ತದೆ, ಯಾವುದು ಜಗಳ ತೆಗೆಯುತ್ತದೆ ಎಂದು ಬೇರೆಬೇರೆ ಮಾಡಿದ್ದಳು. ಎರಡಕ್ಕೂ ಸೇರದ ನಾಲ್ಕನ್ನು ಲೈಬ್ರರಿಗೆ ವಾಪಸ್ ಕೊಟ್ಟಿದ್ದಳಂತೆ. ನಾನಾಗಿದ್ದರೆ ತಂದದ್ದು ಯಾಕೆ ದಂಡ ಎಂದು ಅವನ್ನೂ ಎಲ್ಲಾದರೂ ತುರುಕುತ್ತಿದ್ದೆ.

"ಒಂದು ಮಾತು ನಿನ್ನ ಬಾಯಿಲೆ ಬೇಕು ಮಾವಾ," ಅಂದಳು. "ಟವಲ್ ತೆಗದ್ರ ನಿನಗ ಏನಾಗ್ತೈತಿ?"

ನಾನು ಕುದುರಿಸಲು ನೋಡಿದೆ. ಹೆಸರು ಬೇಡ, 'ಒಬ್ಬ ದಲಾಲರು' ಅಂತ ಹಾಕು ಅಂದೆ. ಹೇಳಿದವರು ಯಾರೆಂದು ಗೊತ್ತಿಲ್ಲದ ಮಾತನ್ನು ಮೇಡಂ ಒಪ್ಪುವುದಿಲ್ಲ ಅಂದಳು. ಹೆಸರು ಹಾಕು, ಊರು ಬೇಡ ಅಂದೆ. ಅವಳು ಪೆನ್ನು ಹಿಡಿದು ಕೂತಳು. ಆ ಮುಖದಲ್ಲಿ ಸೋಮವಾರ ಕಾಣುತ್ತಿತ್ತು. ಒಂದು ಕಡೆ ಅವಳ ಒಂದು ವರ್ಷ, ಇನ್ನೊಂದು ಕಡೆ ನನ್ನ ಟವಲ್ಲು. ನಡುವಿನ ದರ ಹುಡುಕಿದೆ. ಇರಲಿಲ್ಲ.

"ಟವಲ್ ತೆಗದ್ರ," ಅಂದೆ, "ಬೋರಯ್ಯಗ ನಾ ಬೇಕಾಗಂಗಿಲ್ಲ. ಬರ್ಕೋ."

ಬರೆದುಕೊಂಡಳು. ಮೇಡಂ ಸೋಮವಾರ ಸಹಿ ಹಾಕಿದರು. ಈಗ ಅವಳು ಬಿ.ಎಡ್. ಅರ್ಜಿ ತುಂಬುತ್ತಿದ್ದಾಳೆ. ಯಾವ ಊರಿಗೆ ಹಾಕಬೇಕೆಂದು ನಾನು ಸಲಹೆ ಕೊಟ್ಟಿದ್ದೇನೆ, ಬೇರೆ ಊರಿಗೆ ಹಾಕಿದ್ದಾಳೆ.

ಆದರೆ ಮೇಡಂ ಅವರದು ಇನ್ನೊಂದು ನಿಯಮವಿತ್ತಂತೆ. ಯಾರ ಬಗ್ಗೆ ಬರೆದಿದ್ದೀಯೋ ಅವರಿಗೆ ಓದಿ ಹೇಳಬೇಕು. ನನಗೆ ಒಂದು ಪ್ರತಿ ಕೊಟ್ಟಳು, ಅದನ್ನೇ ಮೊದಲು ಹೇಳಿದ್ದು; ಹನ್ನೊಂದನೆಯ ಪುಟದ ಮೇಲೆ ಇದ್ದದ್ದು ಟವಲ್ಲಿನ ಆ ಮಾತು. ಬೋರಯ್ಯನಿಗೆ ಫೋನಿನಲ್ಲಿ ಓದಿ ಹೇಳಿದಳಂತೆ, ಪೂರ್ತಿ. ಅವನು ಎಲ್ಲ ಕೇಳಿಸಿಕೊಂಡು, ಚೆನ್ನಾಗಿದೆ ಅಂದನಂತೆ. ಅಷ್ಟೇ ಅಂದದ್ದು.

ಮುಂದಿನ ಸಂತೆಗೆ ಆರು ಟಗರು ತಂದ. ನಾನು ಎಂದಿನಂತೆ ಟವಲ್ಲು ಹಾಸಲು ಕೈ ಎತ್ತಿದೆ. ಅವನು ಅದರ ಚುಂಗು ಹಿಡಿದು, ಮರ್ಯಾದೆಯಿಂದಲೇ, ಮಡಚಿ ನನ್ನ ಹೆಗಲ ಮೇಲೆ ಇಟ್ಟ. ಸುತ್ತ ಜನ ನಿಂತಿದ್ದರು.

"ತಿಪ್ಪಣ್ಣ," ಅಂದ, "ಇವತ್ತ ಬಾಯಿಲೆ ಹೇಳಿಬಿಡಪ."

ಬೀಗರ ಆರೋಗ್ಯ ಕೇಳಲು ಬಾಯಿ ತೆರೆದವನು ಅದನ್ನು ಬಿಟ್ಟೆ. ಮೂವತ್ತು ವರ್ಷದಲ್ಲಿ ಮೊದಲ ಸಲ, ಸಂತೆಯ ನಡುವೆ ನಿಂತು ಒಂದು ಟಗರಿನ ದರವನ್ನು ಗಟ್ಟಿಯಾಗಿ ಹೇಳಿದೆ. ಹೇಳಿ ಮುಗಿಸುವುದರೊಳಗೆ ಅದು ಸುಳ್ಳೆನ್ನಲು ನಾಲ್ಕು ಜನ ಮುಂದೆ ಬಂದರು. ಹಡಗಲಿಯ ದರ ಹೇಳುವವನೊಬ್ಬ, ಫೋನು ತೆಗೆದು ತೋರಿಸುವವನೊಬ್ಬ, ಟಗರಿನ ಬೆನ್ನು ಹಿಚುಕಿ ತಲೆಯಾಡಿಸುವವನೊಬ್ಬ. ನಾಲ್ಕನೆಯವನು ಬೋರಯ್ಯ.

ನಾನು ಟವಲ್ಲಿನಿಂದ ಮುಖ ಒರೆಸಿಕೊಂಡೆ. ಅದಕ್ಕೆ ಆ ಕೆಲಸವೂ ಬರುತ್ತದೆ. ಆಮೇಲೆ ಹೇಳಿದ ದರವನ್ನು ಯಾಕೆ ಹೇಳಿದೆನೆಂದು ಒಂದೊಂದಾಗಿ ಸಾಕ್ಷಿ ಕೊಡಲು ಶುರುಮಾಡಿದೆ. ಮೇಡಂ ಅಲ್ಲಿದ್ದಿದ್ದರೆ, ಯಾರು ಅಲ್ಲಗಳೆಯುತ್ತಾರೆ ಎಂದು ಕೇಳುವ ತೊಂದರೆಯೇ ಅವರಿಗೆ ಇರುತ್ತಿರಲಿಲ್ಲ.